ಇಕ್ಕೇರಿ ದಾರಿಯ ನಾಲ್ಕು ಹುಡುಗರು ಮತ್ತು ನಮ್ಮ ಇಟಾಲಿಯನ್ ಪಾಠ

ನಾಗ್ಪುರದಿಂದ ಇಟಲಿಯ ಕ್ಲೈಂಟ್ ಜೊತೆ ಮೊದಲ ಕಾಲ್. ನಾನು "ಚಾವ್" ಅಂದುಬಿಟ್ಟೆ. ಆ ಕಡೆ ಇದ್ದವರು ನನ್ನ ಅಪ್ಪನ ವಯಸ್ಸಿನವರು, ಮಾತೇ ಆಡಲಿಲ್ಲ. ಆಮೇಲೆ ಗೊತ್ತಾಯ್ತು: ಚಾವ್ ಸಲುಗೆಯ ಮಾತು, ಹಿರಿಯರಿಗೆ "ಬ್ವೊನ್‌ಜೋರ್ನೊ" ಅನ್ನಬೇಕು. ನಮ್ಮ ನೀನು, ನೀವು ಥರ ಅವರಲ್ಲೂ ತು, ಲೇಯಿ ಇದೆ. ತಮಾಷೆ ಏನಂದ್ರೆ, ಚಾವ್ ಹುಟ್ಟಿದ್ದೇ ವೆನಿಸ್ ಕಡೆಯ "ನಿಮ್ಮ ದಾಸ" ಅನ್ನೋ ಮಾತಿನಿಂದ!

ಈಗ 1623ಕ್ಕೆ ಹೋಗೋಣ. ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಪೋರ್ಚುಗೀಸ್ ರಾಯಭಾರಿಯ ಜೊತೆ ಘಟ್ಟ ಹತ್ತಿ, ವೆಂಕಟಪ್ಪ ನಾಯಕನ ಇಕ್ಕೇರಿಗೆ ಹೊರಟಿದ್ದ. ದಾರಿಯಲ್ಲಿ ದೇವಸ್ಥಾನದ ಜಗಲಿ ಮೇಲೆ ನಾಲ್ಕು ಹುಡುಗರು ಮರಳಲ್ಲಿ ಬೆರಳಿಂದ ಬರೆಯುತ್ತಾ, ರಾಗವಾಗಿ ಹೇಳುತ್ತಾ ಲೆಕ್ಕ ಕಲಿಯುತ್ತಿದ್ದರು. ಮೇಷ್ಟ್ರಿಲ್ಲ. ಮರೆತರೆ ಏನು ಮಾಡ್ತೀರಿ ಅಂತ ಕೇಳಿದ. ನಾಲ್ವರೂ ಒಂದೇ ಕಡೆ ಮರೆಯೋಕೆ ಸಾಧ್ಯವಿಲ್ಲ, ಒಬ್ಬ ತಪ್ಪಿದರೆ ಉಳಿದವರು ತಿದ್ದುತ್ತಾರೆ ಅಂದರಂತೆ. ಇದನ್ನು ಅವನು ನೇಪಲ್ಸಿನ ಗೆಳೆಯನಿಗೆ ಕಾಗದದಲ್ಲಿ ಬರೆದ.

ನಮ್ಮ ಟೀಮಿನ ನಾಲ್ವರು ಕನ್ನಡಿಗರು ಈಗ ಊಟದ ಹೊತ್ತಲ್ಲಿ ಹಾಗೇ ಕಲಿಯುತ್ತಿದ್ದೇವೆ. "ನೊನ್ನೊ" ಅಂದರೆ ಅಜ್ಜ, ಒತ್ತು ಬಿಟ್ಟು "ನೋನೊ" ಅಂದರೆ ಒಂಬತ್ತನೆಯದು. ಒತ್ತಕ್ಷರ ನಮಗೇನು ಹೊಸದೇ? ತಪ್ಪಿದರೆ ತಿದ್ದೋಕೆ ಪಕ್ಕದಲ್ಲಿ ಮೂವರಿದ್ದಾರೆ.