ಭಾಷಾನ್ಯೂನತೆಯ ಮಕ್ಕಳ ಸಾಮಾಜಿಕ ಗ್ರಹಿಕೆ: ಶಾಲಾನೆರವಿನ ಇತಿಹಾಸ

ಕಿವಿಯೂ ಬುದ್ಧಿಯೂ ಚುರುಕಾಗಿದ್ದು, ಮಾತನ್ನು ಗ್ರಹಿಸುವುದರಲ್ಲಿಯೋ ಆಡುವುದರಲ್ಲಿಯೋ ಹಿಂದುಳಿದ, ಎಂದರೆ ಭಾಷಾನ್ಯೂನತೆಯ, ಮಕ್ಕಳಿಗೆ ಅನ್ಯರ ಮನೋಭಾವ, ಸಂದರ್ಭದ ಔಚಿತ್ಯ, ಸಂಭಾಷಣೆಯ ಸರದಿ ಮೊದಲಾದವನ್ನು ಶಾಲೆಯಲ್ಲಿ ಅಭ್ಯಾಸ ಮಾಡಿಸುವ ಕ್ರಮವೇ ಇಲ್ಲಿ ಹೇಳುವ ಶಾಲಾನೆರವು. ಉಪಾಧ್ಯಾಯರು ಬೇಸತ್ತು 'ತಲೆ ತಿನ್ನಬೇಡ' ಎಂದಾಗ ಅಂಥ ಬಾಲಕನು ತಾನೇನೂ ತಿನ್ನುತ್ತಿಲ್ಲವೆಂದು ಬಾಯಿ ತೆರೆದು ತೋರಿಸಬಹುದು. ಕುಂಟೆಬಿಲ್ಲೆಯಾಟದಲ್ಲಿ 'ಈಗ ನನ್ನ ಸರದಿ' ಎನ್ನಲಾರದೆ ಜೊತೆಯವನನ್ನು ನೂಕಿ, ಪುಂಡನೆಂಬ ಅಪಖ್ಯಾತಿಗೆ ಗುರಿಯಾಗಬಹುದು. ಭಾಷೆಯ ದೋಷವನ್ನು ಶೀಲದ ದೋಷವೆಂದು ಬಗೆಯುವುದೇ ಈ ಮಕ್ಕಳಿಗೆ ಶಾಲೆಯಲ್ಲಿ ಒದಗುವ ಬಹುದೊಡ್ಡ ಅನ್ಯಾಯ.

ಕರ್ನಾಟಕದಲ್ಲಿ ವಾಕ್ ಚಿಕಿತ್ಸೆಯ ವಿದ್ಯೆಗೆ ಅಡಿಪಾಯವಾದುದು 1965ರಲ್ಲಿ ಮೈಸೂರಿನಲ್ಲಿ ಆರಂಭಗೊಂಡ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಆದರೆ ಆ ಕಾಲದ ಚಿಕಿತ್ಸಕರ ಗಮನ ಬಹುಮಟ್ಟಿಗೆ ಉಚ್ಚಾರಣೆ, ಶಬ್ದಸಂಪತ್ತು, ವ್ಯಾಕರಣಗಳಲ್ಲಿ ನೆಟ್ಟಿತ್ತು. ಪರರ ಮನಸ್ಸನ್ನು ಊಹಿಸುವ ಶಕ್ತಿಯತ್ತ ಗಮನ ಹರಿದುದು ಅನಂತರ. ಒಬ್ಬಳು ಬುಟ್ಟಿಯಲ್ಲಿಟ್ಟು ಹೋದ ಗೋಲಿಯನ್ನು ಇನ್ನೊಬ್ಬಳು ಪೆಟ್ಟಿಗೆಗೆ ಬದಲಿಸಿದರೆ, ಮರಳಿ ಬಂದವಳು ಅದನ್ನೆಲ್ಲಿ ಹುಡುಕುವಳೆಂದು ಮಕ್ಕಳನ್ನು ಕೇಳಿ, ಬ್ಯಾರನ್-ಕೋಹೆನ್, ಲೆಸ್ಲಿ, ಫ್ರಿತ್ ಎಂಬ ವಿದ್ವಾಂಸರು 1985ರಲ್ಲಿ ಪ್ರಕಟಿಸಿದ ಪರೀಕ್ಷೆಯು, ಆಟಿಸಂ ಉಳ್ಳ ಮಕ್ಕಳಲ್ಲಿ ಪರರ ನಂಬಿಕೆಯನ್ನು ಊಹಿಸುವ ಶಕ್ತಿಯ ಕೊರತೆಯನ್ನು ತೋರಿಸಿತು. ಭಾಷಾನ್ಯೂನತೆಯ ಮಕ್ಕಳಲ್ಲಿಯೂ ಆ ಶಕ್ತಿ ತಡವಾಗಿ ಕುದುರುವುದೆಂದು ಅನಂತರದ ಸಂಶೋಧನೆಗಳಿಂದ ವಿದಿತವಾಯಿತು.

ಸಂಶೋಧನೆಯಿಂದ ಶಿಕ್ಷಣದತ್ತ ಹೊರಳಿದರೆ, ಪಶ್ಚಿಮ ಬೆಂಗಳೂರಿನಲ್ಲಿ ಇಂಥ ಶಾಲಾನೆರವಿಗೆ ನಿಕಟವಾದ ಒಂದು ಪ್ರಯತ್ನವೆಂದರೆ 1995ರಲ್ಲಿ ಹುಟ್ಟಿದ, ಬಸವೇಶ್ವರನಗರದ 'ಆಶಾ' ಸಂಸ್ಥೆಯದು; ಅದು ಆಟಿಸಂ ಉಳ್ಳ ಮಕ್ಕಳ ಶಿಕ್ಷಣಕ್ಕೆ ಮೀಸಲಾದುದು. 2000ದಲ್ಲಿ ವಾಕ್ ತಜ್ಞೆ ಪ್ರತಿಭಾ ಕಾರಂತರು ಇದೇ ನಗರದಲ್ಲಿ ತೊಡಗಿಸಿದ 'ಕಾಮ್ ಡೀಲ್' ಕ್ರಮವು ಶಾಲೆ ಸೇರುವ ಮುನ್ನವೇ ಮಾತಿನೊಡನೆ ಸಾಮಾಜಿಕ, ಭಾವನಾತ್ಮಕ ಕೌಶಲಗಳನ್ನೂ ಬೆಳೆಸಲು ಯತ್ನಿಸಿತು. ಸರ್ಕಾರಿ ಶಾಲೆಗಳಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆ ನೆರವಾಗಲು ಬಿ.ಐ.ಇ.ಆರ್.ಟಿ. ಎಂಬ ಸಂಪನ್ಮೂಲ ಶಿಕ್ಷಕರುಂಟು. ಆದರೆ ನೆರವಿಗೆ ಮುನ್ನ ಸರಿಯಾದ ಪರೀಕ್ಷೆ ಆಗಬೇಕು: ರಾಜಾಜಿನಗರ, ವಿಜಯನಗರ, ಕೆಂಗೇರಿಗಳಂತೆ ಮನೆಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದುಗಳೂ ಶಾಲೆಯಲ್ಲಿ ಇಂಗ್ಲಿಷೂ ಬಳಕೆಯಲ್ಲಿರುವ ಬಡಾವಣೆಗಳಲ್ಲಿ, ಮನೆಮಾತಿನಲ್ಲಿ ಪರೀಕ್ಷಿಸದೆ ಮಗುವನ್ನು ನ್ಯೂನವೆಂದು ನಿರ್ಣಯಿಸುವುದು ಸಲ್ಲದು.

ಕಾನೂನಿನ ಆಸರೆಯನ್ನು ನೋಡಿದರೆ, 1995ರ ಅಂಗವಿಕಲರ ಕಾಯಿದೆಯಲ್ಲಿ ವಾಗ್ದೋಷದ ಹೆಸರೇ ಇರಲಿಲ್ಲ. 2016ರ ಕಾಯಿದೆಯ 21 ವೈಕಲ್ಯಗಳಲ್ಲಿ ವಾಕ್ ಮತ್ತು ಭಾಷಾ ವೈಕಲ್ಯವೂ ಸೇರಿತಾದರೂ, ಅದರ ನಿರೂಪಣೆಯು ದೇಹದ ಅಥವಾ ನರಮಂಡಲದ ಕಾರಣದಿಂದುಂಟಾದ ಶಾಶ್ವತ ನ್ಯೂನತೆಯನ್ನೇ ಕುರಿತದ್ದು. ಹೀಗಾಗಿ ಕಾರಣವೇ ಕಾಣದ ಭಾಷಾನ್ಯೂನತೆಯ ಮಗುವಿಗೆ ಪ್ರಮಾಣಪತ್ರ ದೊರೆಯುವುದು ದುರ್ಲಭ. ಅಂಥ ಮಗುವಿನ ಪಾಲಿನ ನೆರವು ಇಂದಿಗೂ ಬಹುಪಾಲು ತರಗತಿಯ ಶಿಕ್ಷಕರ ವಿವೇಚನೆಯನ್ನೇ ಅವಲಂಬಿಸಿದೆ.