ನಾಳಿನ ಆಟಗಾರ, ಇವತ್ತಿನ ಊರು

ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳಲ್ಲಿ ಒಂದು ವಿಶಿಷ್ಟ ವರ್ಗವಿದೆ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಬೆಂಬಲಿಗರನ್ನೇ ನೋಡಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಅವರ ಗಮನ ಸೇಂಟ್ ಲೂಯಿಸ್‌ನ ಮೈದಾನದಲ್ಲಿ ಮಾತ್ರ ನಿಂತಿರುವುದಿಲ್ಲ. ಮೆಂಫಿಸ್, ಸ್ಪ್ರಿಂಗ್‌ಫೀಲ್ಡ್, ಪಿಯೋರಿಯಾ, ಪಾಮ್ ಬೀಚ್ ಎಂಬ ಊರುಗಳ ಮೈನರ್ ಲೀಗ್ ತಂಡಗಳಲ್ಲಿ ಆಡುತ್ತಿರುವ ಹತ್ತೊಂಬತ್ತು ಇಪ್ಪತ್ತರ ಹುಡುಗರ ಮೇಲೂ ಅದು ನೆಟ್ಟಿರುತ್ತದೆ. ನಿನ್ನೆ ರಾತ್ರಿ ಯಾವ ಪಿಚರ್ ಎಷ್ಟು ಮಂದಿಯನ್ನು ಔಟ್ ಮಾಡಿದ, ತನಗಿಂತ ಎರಡು ವರ್ಷ ದೊಡ್ಡವರ ಎದುರು ಯಾವ ಹುಡುಗ ತಾಳ್ಮೆಯಿಂದ ಬ್ಯಾಟ್ ಹಿಡಿದು ನಿಂತ, ಸಿಂಗಲ್ ಎ ದರ್ಜೆಯಿಂದ ಡಬಲ್ ಎ ದರ್ಜೆಗೆ ಯಾರಿಗೆ ಬಡ್ತಿ ಸಿಕ್ಕಿತು ಎಂಬುದನ್ನು ಅವರು ದಿನವೂ ಲೆಕ್ಕವಿಡುತ್ತಾರೆ. ಮುಂದೊಂದು ದಿನ ಮೇಜರ್ ಲೀಗ್‌ನಲ್ಲಿ ಹೆಸರು ಮಾಡಬಹುದಾದವನನ್ನು ಇಂದೇ ಗುರುತಿಸುವ ಈ ಹವ್ಯಾಸ ಆಟದಷ್ಟೇ ಹಳೆಯದು ಎಂದು ಅನೇಕರು ತಿಳಿದಿದ್ದಾರೆ. ಅದು ಹಾಗಲ್ಲ. ಸುಮಾರು ನೂರು ವರ್ಷಗಳ ಹಿಂದೆ ಒಂದು ಬಡ ತಂಡ ಕಟ್ಟಿದ ವ್ಯಾಪಾರ ವ್ಯವಸ್ಥೆಯೊಂದು ಈ ಹವ್ಯಾಸವನ್ನು ಹುಟ್ಟಿಸಿತು. ಆ ವ್ಯವಸ್ಥೆಯ ಬೆಲೆಯನ್ನು ಬಹುಕಾಲ ತೆತ್ತವರು ಸಣ್ಣ ಊರುಗಳು ಮತ್ತು ಹೆಸರು ಮಾಡದೇ ಹೋದ ಆಟಗಾರರು. ಈ ಹವ್ಯಾಸದ ನಿಜವಾದ ಬೆಲೆ ತಿಳಿಯಬೇಕಾದರೆ ಅವರ ಲೆಕ್ಕವನ್ನೂ ಓದಬೇಕು ಎಂಬುದು ನನ್ನ ವಾದ.

ಮೊದಲು ಮೈನರ್ ಲೀಗ್ ಹೇಗಿತ್ತು ಎಂದು ನೋಡೋಣ. 1901ರಲ್ಲಿ ಷಿಕಾಗೋದಲ್ಲಿ ಸೇರಿದ ಸಣ್ಣ ಲೀಗ್‌ಗಳ ಮುಖ್ಯಸ್ಥರು ತಮ್ಮದೇ ರಾಷ್ಟ್ರೀಯ ಒಕ್ಕೂಟ ಕಟ್ಟಿಕೊಂಡರು. ದೊಡ್ಡ ತಂಡಗಳು ತಮ್ಮ ಆಟಗಾರರನ್ನು ಹೇಳದೆ ಕೇಳದೆ ಎತ್ತಿಕೊಂಡು ಹೋಗುವುದನ್ನು ತಡೆಯುವುದೇ ಅದರ ಉದ್ದೇಶ. ಈ ತಂಡಗಳು ಸ್ವತಂತ್ರವಾಗಿದ್ದವು. ಮಾಲೀಕ ಸಾಮಾನ್ಯವಾಗಿ ಅದೇ ಊರಿನವನು, ಟಿಕೆಟ್ ಕೊಳ್ಳುವವರೂ ಆ ಊರಿನವರೇ, ಗುರಿಯೂ ತಮ್ಮ ಲೀಗ್ ಗೆಲ್ಲುವುದೇ. ಬಾಲ್ಟಿಮೋರ್‌ನ ಜ್ಯಾಕ್ ಡನ್ ಇದಕ್ಕೆ ಒಳ್ಳೆಯ ಉದಾಹರಣೆ. ಆತನ ಓರಿಯೋಲ್ಸ್ ತಂಡ 1919ರಿಂದ 1925ರವರೆಗೆ ಇಂಟರ್‌ನ್ಯಾಷನಲ್ ಲೀಗನ್ನು ಸತತ ಏಳು ಬಾರಿ ಗೆದ್ದಿತು. 1914ರಲ್ಲಿ ಬೇಬ್ ರೂತ್‌ನನ್ನು ಬಾಸ್ಟನ್‌ಗೆ ಮಾರಿದವನು ಈ ಡನ್‌ನೇ. ಆದರೆ ಲೆಫ್ಟಿ ಗ್ರೋವ್ ಎಂಬ ಅಸಾಧಾರಣ ಪಿಚರನ್ನು ಆತ ವರ್ಷಗಟ್ಟಲೆ ತನ್ನಲ್ಲೇ ಉಳಿಸಿಕೊಂಡ. 1924ರ ಋತು ಮುಗಿದ ಮೇಲಷ್ಟೇ ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡಕ್ಕೆ 1,00,600 ಡಾಲರಿಗೆ ಬಿಟ್ಟುಕೊಟ್ಟ. ಬಾಲ್ಟಿಮೋರ್ ಜನಕ್ಕೆ ಗ್ರೋವ್ ಎಂದರೆ ತಮ್ಮ ಊರಿನ ಪಿಚರ್, ಯಾರದೋ ನಾಳಿನ ಆಸ್ತಿಯಲ್ಲ. ಪಶ್ಚಿಮ ಕರಾವಳಿಯಲ್ಲೂ ಹೀಗೆಯೇ ಇತ್ತು. 1933ರಲ್ಲಿ ಹದಿನೆಂಟು ವರ್ಷದ ಜೋ ಡಿಮ್ಯಾಜಿಯೊ ಸ್ಯಾನ್ ಫ್ರಾನ್ಸಿಸ್ಕೊ ಸೀಲ್ಸ್ ಪರವಾಗಿ ಸತತ 61 ಪಂದ್ಯಗಳಲ್ಲಿ ಹಿಟ್ ಹೊಡೆದಾಗ ಅಲ್ಲಿನ ಜನ ಅದನ್ನು ತಮ್ಮ ನಗರದ ದಾಖಲೆಯಾಗಿಯೇ ಸಂಭ್ರಮಿಸಿದರು.

ಇದನ್ನು ಬದಲಿಸಿದವನು ಬ್ರಾಂಚ್ ರಿಕಿ. 1919ರ ಹೊತ್ತಿಗೆ ಆತ ನಡೆಸುತ್ತಿದ್ದ ಕಾರ್ಡಿನಲ್ಸ್ ತಂಡದ ಬಳಿ ಹಣವಿರಲಿಲ್ಲ. ಒಳ್ಳೆಯ ಹುಡುಗನನ್ನು ಆತನ ಜನ ಕಂಡುಹಿಡಿದರೂ ಕೊನೆಗೆ ನ್ಯೂಯಾರ್ಕಿನಂಥ ಶ್ರೀಮಂತ ತಂಡ ಹೆಚ್ಚು ಬೆಲೆ ಕೊಟ್ಟು ಒಯ್ಯುತ್ತಿತ್ತು. ಕೊಳ್ಳಲಾಗದಿದ್ದರೆ ಬೆಳೆಸಬೇಕು ಎಂದು ರಿಕಿ ನಿರ್ಧರಿಸಿದ. ಅರ್ಕಾನ್ಸಾದ ಫೋರ್ಟ್ ಸ್ಮಿತ್, ಟೆಕ್ಸಾಸಿನ ಹ್ಯೂಸ್ಟನ್, ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ತಂಡಗಳಲ್ಲಿ ಒಂದೊಂದಾಗಿ ಪಾಲು ಕೊಂಡ. ನೂರಾರು ಹುಡುಗರನ್ನು ಕಡಿಮೆ ಸಂಬಳಕ್ಕೆ ಸೇರಿಸಿಕೊಂಡು, ಕೆಳದರ್ಜೆಯಲ್ಲಿ ಆಡಿಸಿ, ಸೋಸಿ, ಮೇಲಿನ ದರ್ಜೆಗೆ ಏರಿಸುತ್ತ ಬಂದ. ಇದೇ ಫಾರ್ಮ್ ಪದ್ಧತಿ. ಫಲ ಬೇಗ ಕಂಡಿತು. 1926ರಲ್ಲಿ ಕಾರ್ಡಿನಲ್ಸ್ ಮೊದಲ ಬಾರಿ ವರ್ಲ್ಡ್ ಸೀರೀಸ್ ಗೆದ್ದಿತು. 1931 ಮತ್ತು 1934ರಲ್ಲಿ ಮತ್ತೆ ಗೆದ್ದಿತು. 1942ರಲ್ಲಿ ಬಹುಪಾಲು ತನ್ನಲ್ಲೇ ಬೆಳೆದ ಆಟಗಾರರಿಂದ 106 ಪಂದ್ಯ ಗೆದ್ದು, ನ್ಯೂಯಾರ್ಕ್ ಯಾಂಕೀಸನ್ನು ಸೋಲಿಸಿ ಪಟ್ಟವೇರಿತು. 1930ರ ದಶಕದ ಕೊನೆಗೆ ರಿಕಿಯ ಹಿಡಿತದಲ್ಲಿ 30ಕ್ಕೂ ಹೆಚ್ಚು ತಂಡಗಳೂ 600ಕ್ಕೂ ಹೆಚ್ಚು ಆಟಗಾರರೂ ಇದ್ದರು. ಯಾಂಕೀಸ್ ಕೂಡ ನ್ಯೂವಾರ್ಕ್ ತಂಡವನ್ನು ಕೊಂಡು ಅದೇ ದಾರಿ ಹಿಡಿಯಿತು, ಉಳಿದವು ಹಿಂಬಾಲಿಸಿದವು.

ಋತುವಿಡೀ ಎಳೆಯ ಆಟಗಾರರನ್ನು ಹಿಂಬಾಲಿಸುವುದಕ್ಕೆ ಅರ್ಥ ಬಂದದ್ದು ಈ ಬದಲಾವಣೆಯ ನಂತರ. ಮೊದಲು ಸೇಂಟ್ ಲೂಯಿಸ್ ಅಭಿಮಾನಿಗೆ ಹ್ಯೂಸ್ಟನ್ ಪಂದ್ಯದಲ್ಲಿ ಆಸಕ್ತಿ ಇರಲು ಕಾರಣವೇ ಇರಲಿಲ್ಲ. 1931ರಲ್ಲಿ ಪಿಚರ್ ಡಿಜ್ಜಿ ಡೀನ್ ಹ್ಯೂಸ್ಟನ್‌ಗಾಗಿ 26 ಪಂದ್ಯ ಗೆದ್ದಾಗ ಮಾತ್ರ ಅದು ಸೇಂಟ್ ಲೂಯಿಸ್‌ನ ಸುದ್ದಿಯಾಗಿತ್ತು. ಸ್ಟ್ಯಾನ್ ಮ್ಯೂಸಿಯಲ್‌ನ ಕತೆ ಇದನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ಪೆನ್ಸಿಲ್ವೇನಿಯಾದ ಕಾರ್ಖಾನೆ ಊರೊಂದರ ಈ ಹುಡುಗ 1938ರಲ್ಲಿ ತೀರ ಕೆಳಗಿನ ಡಿ ದರ್ಜೆಯ ವಿಲಿಯಮ್ಸನ್ ತಂಡದಲ್ಲಿ ಪಿಚರ್ ಆಗಿ ಶುರುಮಾಡಿದ. 1940ರಲ್ಲಿ ಡೇಟೋನಾ ಬೀಚ್ ಪರವಾಗಿ 18 ಪಂದ್ಯ ಗೆದ್ದ ಮೇಲೆ ಭುಜಕ್ಕೆ ಪೆಟ್ಟಾಗಿ ಆತನ ಪಿಚಿಂಗೇ ಮುಗಿಯಿತು. ಮರುವರ್ಷ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಬ್ಯಾಟ್ ಹಿಡಿದು .379 ಸರಾಸರಿ ತೋರಿಸಿ, ರಾಚೆಸ್ಟರ್‌ಗೆ ಬಡ್ತಿ ಪಡೆದು, ಸೆಪ್ಟೆಂಬರ್‌ನಲ್ಲಿ ಸೇಂಟ್ ಲೂಯಿಸ್ ಮೈದಾನಕ್ಕೇ ಇಳಿದು 12 ಪಂದ್ಯಗಳಲ್ಲಿ .426 ಹೊಡೆದ. ಒಂದೇ ಋತುವಿನಲ್ಲಿ ಮೂರು ಮೆಟ್ಟಿಲು. ಇಂಥ ಏರಿಕೆಯನ್ನು ಪತ್ರಿಕೆಯ ಸಣ್ಣಕ್ಷರದ ಅಂಕಪಟ್ಟಿಗಳಲ್ಲಿ ಕಂಡವರಿಗೆ ಅದರ ರುಚಿ ಹತ್ತದೆ ಇದ್ದೀತೇ? 1981ರಲ್ಲಿ ಆರಂಭವಾದ ‘ಬೇಸ್‌ಬಾಲ್ ಅಮೆರಿಕ’ ಪತ್ರಿಕೆ ಈ ರುಚಿಯನ್ನೇ ನಂಬಿ ಬೆಳೆಯಿತು. 1990ರಿಂದ ಅದು ಪ್ರತಿವರ್ಷ ನೂರು ಭರವಸೆಯ ಆಟಗಾರರ ಪಟ್ಟಿ ಪ್ರಕಟಿಸುತ್ತಿದೆ.

ಆದರೆ ಊರುಗಳ ಕಡೆಯಿಂದ ನೋಡಿದರೆ ಇದೇ ಏರಿಕೆ ಬೇರೆಯಾಗಿ ಕಾಣುತ್ತದೆ. ಜುಲೈನಲ್ಲಿ ತಂಡ ಲೀಗ್ ಗೆಲ್ಲುವ ಹಂತದಲ್ಲಿದ್ದಾಗ ಅತ್ಯುತ್ತಮ ಆಟಗಾರ ಮೇಲಕ್ಕೆ ಹೋಗಿಬಿಡುತ್ತಾನೆ. ಕೇಳುವ ಹಕ್ಕು ಊರಿಗಿಲ್ಲ. ಈ ಅಸಮಾಧಾನವನ್ನು ಬೇಸ್‌ಬಾಲ್‌ನ ಅಂದಿನ ಕಮಿಷನರ್, ಮಾಜಿ ನ್ಯಾಯಾಧೀಶ ಕೆನಸಾ ಮೌಂಟನ್ ಲ್ಯಾಂಡಿಸ್ ಹಂಚಿಕೊಂಡಿದ್ದರು. ಒಂದೇ ಲೀಗ್‌ನ ಒಂದಕ್ಕಿಂತ ಹೆಚ್ಚು ತಂಡಗಳು ಗುಟ್ಟಾಗಿ ಒಬ್ಬನ ಕೈಯಲ್ಲಿದ್ದರೆ ಆ ಪೈಪೋಟಿಗೆ ಅರ್ಥವೇನು ಎಂಬುದು ಅವರ ಪ್ರಶ್ನೆ. 1938ರಲ್ಲಿ ಅವರು ಕಾರ್ಡಿನಲ್ಸ್‌ನ 70ಕ್ಕೂ ಹೆಚ್ಚು ಕೆಳದರ್ಜೆಯ ಆಟಗಾರರನ್ನು ಒಪ್ಪಂದದಿಂದ ಬಿಡುಗಡೆ ಮಾಡಿದರು. 1940ರಲ್ಲಿ ಡೆಟ್ರಾಯಿಟ್ ಟೈಗರ್ಸ್‌ನ 90ರಷ್ಟು ಮಂದಿಯನ್ನು ಬಿಡಿಸಿದರು. ಪದ್ಧತಿ ಮಾತ್ರ ನಿಲ್ಲಲಿಲ್ಲ. ಆಟಗಾರರಿಗೆ ನ್ಯಾಯಾಲಯದ ಬಾಗಿಲೂ ತೆರೆಯಲಿಲ್ಲ. ಯಾಂಕೀಸ್‌ನ ಫಾರ್ಮ್ ವ್ಯವಸ್ಥೆಯೊಳಗೆ ಸಿಕ್ಕಿಬಿದ್ದಿದ್ದ ಜಾರ್ಜ್ ಟೂಲ್‌ಸನ್ ಎಂಬ ಪಿಚರ್ ಕೆಳಗಿನ ತಂಡಕ್ಕೆ ಹೋಗಲೊಪ್ಪದೆ ಮೊಕದ್ದಮೆ ಹೂಡಿದ. ಏಕಸ್ವಾಮ್ಯ ವಿರೋಧಿ ಕಾಯ್ದೆ ಬೇಸ್‌ಬಾಲ್‌ಗೆ ಅನ್ವಯಿಸದು ಎಂಬ 1922ರ ತೀರ್ಪನ್ನೇ ಎತ್ತಿಹಿಡಿದು 1953ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆತನನ್ನು ಬರಿಗೈಯಲ್ಲಿ ಕಳಿಸಿತು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ: ಫಾರ್ಮ್ ಪದ್ಧತಿ ಇಲ್ಲದಿದ್ದರೆ ಸಣ್ಣ ಊರುಗಳಿಗೆ ತಂಡವೇ ಉಳಿಯುತ್ತಿರಲಿಲ್ಲ. ಮಹಾ ಆರ್ಥಿಕ ಕುಸಿತದಲ್ಲಿ ಲೀಗ್‌ಗಳು ಒಂದರ ಹಿಂದೊಂದು ಮುಚ್ಚಿ 1933ರಲ್ಲಿ 14ಕ್ಕೆ ಇಳಿದಿದ್ದವು. ಆಗ ಮೇಜರ್ ಲೀಗ್‌ನ ಹಣ ಹಲವು ತಂಡಗಳಿಗೆ ಉಸಿರು ಕೊಟ್ಟಿತು. ಇದು ನಿಜ, ಒಪ್ಪಲೇಬೇಕು. ಆದರೆ ಅದು ಪೂರ್ತಿ ಸತ್ಯವಲ್ಲ. ಸಣ್ಣ ಊರುಗಳು ತಮ್ಮ ಬುದ್ಧಿಯಿಂದಲೂ ಬದುಕಿದವು. ದುಡಿಯುವ ಜನ ಸಂಜೆಯ ಮೇಲೆ ಆಟಕ್ಕೆ ಬರಲೆಂದು 1930ರಲ್ಲೇ ಕಾನ್ಸಾಸಿನ ಇಂಡಿಪೆಂಡೆನ್ಸ್, ಅಯೋವಾದ ಡಿಮಾಯಿನ್‌ನಂಥ ಊರುಗಳು ಮೈದಾನಕ್ಕೆ ದೀಪ ಹಾಕಿಸಿದವು. ಮೇಜರ್ ಲೀಗ್ ಅದನ್ನು ಕಲಿತದ್ದು ಐದು ವರ್ಷ ತಡವಾಗಿ, 1935ರಲ್ಲಿ, ಸಿನ್ಸಿನಾಟಿಯಲ್ಲಿ. ಅದಲ್ಲದೆ ಮೇಲಿನಿಂದ ಬಂದ ಹಣ ಮೇಲಿನವರ ಅನುಕೂಲಕ್ಕೆ ತಕ್ಕಂತೆ ಹಿಂತಿರುಗುತ್ತದೆ. 1949ರಲ್ಲಿ 59 ಲೀಗ್‌ಗಳಿದ್ದು ನಾಲ್ಕು ಕೋಟಿಯ ಹತ್ತಿರ ಪ್ರೇಕ್ಷಕರು ಬಂದಿದ್ದರು. ಮೇಜರ್ ಲೀಗ್ ಪಂದ್ಯಗಳು ರೇಡಿಯೊ, ಟಿವಿಯಲ್ಲಿ ಊರೂರಿಗೆ ಬಂದ ಮೇಲೆ 1963ರ ಹೊತ್ತಿಗೆ ಇಪ್ಪತ್ತು ಲೀಗ್‌ಗಳೂ ಉಳಿಯಲಿಲ್ಲ. ಬಿ, ಸಿ, ಡಿ ದರ್ಜೆಗಳೇ ಅಳಿಸಿಹೋದವು. 2020ರ ನಂತರ ಮೇಜರ್ ಲೀಗ್ ತನಗೆ ಸಂಯೋಜಿತವಾದ ತಂಡಗಳನ್ನು 160ರಿಂದ 120ಕ್ಕೆ ಇಳಿಸಿದಾಗ ದಶಕಗಟ್ಟಲೆ ಟಿಕೆಟ್ ಕೊಂಡಿದ್ದ ಊರುಗಳಿಗೆ ಅದನ್ನು ತಡೆಯುವ ಶಕ್ತಿ ಇರಲಿಲ್ಲ.

ಇನ್ನೊಂದು ಆಕ್ಷೇಪ ಆಟಗಾರರ ಪರವಾಗಿಯೇ ಬರುತ್ತದೆ: ಇಷ್ಟು ಅಗಲದ ಬಲೆ ಇರುವುದರಿಂದಲೇ ಬಡ ಹುಡುಗರಿಗೂ ಅವಕಾಶ ಸಿಕ್ಕಿತು. ಇದರಲ್ಲೂ ಹುರುಳಿದೆ. ಆಲ್ಬರ್ಟ್ ಪೂಹೋಲ್ಸ್‌ನನ್ನು ಕಾರ್ಡಿನಲ್ಸ್ 1999ರಲ್ಲಿ, ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಡ್ರಾಫ್ಟ್‌ನ 13ನೇ ಸುತ್ತಿನಲ್ಲಿ ಆರಿಸಿತು; 2000ದಲ್ಲಿ ಪಿಯೋರಿಯಾದಲ್ಲಿ ಆಡುತ್ತಿದ್ದವನು 2001ರಲ್ಲಿ ನ್ಯಾಷನಲ್ ಲೀಗ್‌ನ ವರ್ಷದ ಶ್ರೇಷ್ಠ ಹೊಸ ಆಟಗಾರನಾದ. ಮೈಕ್ ಪಿಯಾಜಾ 1988ರಲ್ಲಿ 62ನೇ ಸುತ್ತಿನಲ್ಲಿ ಆಯ್ಕೆಯಾದವನು. ಮೇಲಿನ ಸುತ್ತು ಮಾತ್ರ ನೋಡಿದ್ದರೆ ಇಬ್ಬರೂ ಸಿಗುತ್ತಿರಲಿಲ್ಲ. ಕಪ್ಪು ಜನಾಂಗದ ಜಾಕಿ ರಾಬಿನ್ಸನ್‌ಗೆ ಬಿಳಿಯರ ಆಟದ ಬಾಗಿಲು ತೆರೆದದ್ದೂ ಫಾರ್ಮ್ ತಂಡದಲ್ಲೇ. ಅಷ್ಟರಲ್ಲಿ ಬ್ರೂಕ್ಲಿನ್ ತಂಡ ಸೇರಿದ್ದ ರಿಕಿ ಆತನನ್ನು 1946ರಲ್ಲಿ ಮಾಂಟ್ರಿಯಲ್‌ಗೆ ಕಳಿಸಿದ; .349 ಸರಾಸರಿಯೊಂದಿಗೆ ಆತ ಇಂಟರ್‌ನ್ಯಾಷನಲ್ ಲೀಗ್‌ನ ಮೊದಲ ಬ್ಯಾಟರ್ ಎನಿಸಿದ. ಆದರೆ ಬಲೆಯಲ್ಲಿ ಸಿಕ್ಕ ಬಹುಪಾಲು ಹುಡುಗರು ಮೇಲಕ್ಕೆ ಬರುವುದಿಲ್ಲ ಎಂಬುದೂ ಅಷ್ಟೇ ನಿಜ. 1991ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾಗಿ 15.5 ಲಕ್ಷ ಡಾಲರ್ ಪಡೆದ ಬ್ರೈಯನ್ ಟೇಲರ್ ಭುಜದ ಗಾಯದಿಂದಾಗಿ ಮೇಜರ್ ಲೀಗ್ ಕಾಣಲೇ ಇಲ್ಲ. 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಸಹಿ ಮಾಡಿದ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಕೂಡ ಕೆಳದರ್ಜೆಯನ್ನು ದಾಟಲಿಲ್ಲ. ಗೆದ್ದವರನ್ನು ಎದುರಿಗಿಟ್ಟು ಪದ್ಧತಿಯನ್ನು ಹೊಗಳುವಾಗ ಅದು ಗೆಲ್ಲದವರನ್ನು ಹೇಗೆ ನಡೆಸಿಕೊಂಡಿತು ಎಂದೂ ಕೇಳಬೇಕು.

ಹೇಗೆ ನಡೆಸಿಕೊಂಡಿತು ಎಂಬುದಕ್ಕೆ ಸಂಬಳವೇ ಉತ್ತರ. 2022ರಲ್ಲೂ ಸಿಂಗಲ್ ಎ ದರ್ಜೆಯ ಆಟಗಾರನ ಕನಿಷ್ಠ ವಾರ್ಷಿಕ ಸಂಬಳ 11,000 ಡಾಲರ್ ಮಾತ್ರ. ಇದು ತರಬೇತಿ, ಉದ್ಯೋಗವಲ್ಲ ಎಂದು ಮಾಲೀಕರ ಪರ ವಾದಿಸಲಾಗುತ್ತಿತ್ತು. ಆದರೆ ಸಮವಸ್ತ್ರ ಹಾಕಿಸಿ, ಟಿಕೆಟ್ ಮಾರಿ, ಇಡೀ ದಿನ ಹುಡುಗರನ್ನು ತಮ್ಮ ಅಧೀನದಲ್ಲಿ ಇಟ್ಟುಕೊಂಡ ಮೇಲೆ ಅದು ಉದ್ಯೋಗವಲ್ಲದೆ ಮತ್ತೇನು? ಮಾಜಿ ಮೈನರ್ ಲೀಗ್ ಪಿಚರ್ ಗ್ಯಾರೆಟ್ ಬ್ರಾಶುಯಿಸ್ ವಕೀಲರಾಗಿ 2014ರಲ್ಲಿ ಹೂಡಿದ ಕನಿಷ್ಠ ವೇತನದ ಮೊಕದ್ದಮೆ ಇದನ್ನೇ ಕೇಳಿತು. 2018ರಲ್ಲಿ ಅಮೆರಿಕದ ಸಂಸತ್ತು ದೊಡ್ಡ ಖರ್ಚು ಮಸೂದೆಯೊಂದರೊಳಗೆ ಸೇರಿಸಿ ಮಾಲೀಕರಿಗೆ ವೇತನ ಕಾನೂನಿನಿಂದ ವಿನಾಯಿತಿ ಕೊಟ್ಟರೂ ಮೊಕದ್ದಮೆ ಸಾಯಲಿಲ್ಲ, 2022ರಲ್ಲಿ 18.5 ಕೋಟಿ ಡಾಲರ್ ಪರಿಹಾರದೊಂದಿಗೆ ರಾಜಿಯಾಯಿತು. ಅದೇ ವರ್ಷ ಮೈನರ್ ಲೀಗ್ ಆಟಗಾರರು ಮೇಜರ್ ಲೀಗ್ ಆಟಗಾರರ ಸಂಘಕ್ಕೆ ಸೇರಿದರು. 2023ರ ಮಾರ್ಚ್ ಕೊನೆಗೆ ಅವರ ಇತಿಹಾಸದ ಮೊದಲ ಸಾಮೂಹಿಕ ಒಪ್ಪಂದವಾಗಿ ಸಿಂಗಲ್ ಎ ದರ್ಜೆಯ ಕನಿಷ್ಠ ಸಂಬಳ 26,200 ಡಾಲರಿಗೂ ಟ್ರಿಪಲ್ ಎ ದರ್ಜೆಯದು 17,500ರಿಂದ 35,800ಕ್ಕೂ ಏರಿತು. ಇಷ್ಟೆಲ್ಲ ಆದಮೇಲೂ ಬೇಸ್‌ಬಾಲ್ ನಿಂತುಹೋಗಲಿಲ್ಲ. ಅಂದರೆ ಕಡಿಮೆ ಸಂಬಳ ಆಟದ ಅಗತ್ಯವಾಗಿರಲಿಲ್ಲ, ಮಾಲೀಕರ ಅಭ್ಯಾಸವಾಗಿತ್ತು.

ಹಾಗಾದರೆ ಎಳೆಯ ಆಟಗಾರರನ್ನು ಹಿಂಬಾಲಿಸುವ ಅಭಿಮಾನಿಯ ತಪ್ಪೇನು, ಆತ ಆಟವನ್ನು ಪ್ರೀತಿಸುತ್ತಾನಷ್ಟೆ ಎಂದು ಕೇಳಬಹುದು. ತಪ್ಪೇನೂ ಇಲ್ಲ. ಹೆಸರಿಲ್ಲದವನ ಆಟವನ್ನು ತಾಳ್ಮೆಯಿಂದ ನೋಡುವುದು ಗೆದ್ದವರ ಹಿಂದೆ ಓಡುವುದಕ್ಕಿಂತ ದೊಡ್ಡ ಗುಣ. ಮ್ಯೂಸಿಯಲ್‌ನನ್ನು ವಿಲಿಯಮ್ಸನ್‌ನಲ್ಲೇ ಕಂಡವರಿಗೆ ಸಿಕ್ಕ ಸಂತೋಷ ದೊಡ್ಡದು. ಆದರೆ ಪಟ್ಟಿಯ ಮೊದಲ ಹತ್ತು ಹೆಸರುಗಳಿಗೆ ಕಣ್ಣು ನಿಂತರೆ ಅಭಿಮಾನಿಯೂ ಮಾಲೀಕನ ಲೆಕ್ಕದಲ್ಲೇ ಯೋಚಿಸತೊಡಗುತ್ತಾನೆ: ಆಟಗಾರ ಆತನಿಗೆ ಬಂಡವಾಳವಾಗುತ್ತಾನೆ, ಊರು ತಂಗುದಾಣವಾಗುತ್ತದೆ. ಆದ್ದರಿಂದ ಋತುವಿಡೀ ಈ ಹುಡುಗರನ್ನು ಹಿಂಬಾಲಿಸುವವರು ಅವರಿಗೆ ಸಂಬಳ ಎಷ್ಟು ಸಿಗುತ್ತದೆ, ಅವರು ಎಲ್ಲಿ ಉಳಿಯುತ್ತಾರೆ, ಮುಂದಿನ ವರ್ಷ ಆ ಊರಿನಲ್ಲಿ ತಂಡ ಇರುತ್ತದೆಯೇ ಎಂಬುದನ್ನೂ ಬ್ಯಾಟಿಂಗ್ ಸರಾಸರಿಯಷ್ಟೇ ಶ್ರದ್ಧೆಯಿಂದ ಓದಬೇಕು. ಈ ಆಟವನ್ನು ನೂರು ವರ್ಷ ಹೊತ್ತುಕೊಂಡು ಬಂದವರಲ್ಲಿ ಮೇಲಕ್ಕೆ ಏರದವರೇ ಹೆಚ್ಚು.