ಬ್ರಿಟಿಷ್ ಏರ್‌ವೇಸ್ ಫ್ಲೈಟ್ 9

ಬ್ರಿಟಿಷ್ ಏರ್‌ವೇಸ್ ಫ್ಲೈಟ್ 9 ಎಂಬುದು ಲಂಡನ್ನಿನಿಂದ ಬೊಂಬಾಯಿ (ಇಂದಿನ ಮುಂಬಯಿ), ಕ್ವಾಲಾಲಂಪುರ, ಪರ್ತ್ ಮತ್ತು ಮೆಲ್ಬರ್ನ್ ನಗರಗಳ ಮಾರ್ಗವಾಗಿ ನ್ಯೂಜಿಲೆಂಡಿನ ಆಕ್ಲೆಂಡಿಗೆ ಸಂಚರಿಸುತ್ತಿದ್ದ ಪ್ರಯಾಣಿಕ ವಿಮಾನ. 1982ರ ಜೂನ್ 24ರ ರಾತ್ರಿ ಇಂಡೋನೇಷ್ಯಾದ ಜಾವಾ ದ್ವೀಪದ ದಕ್ಷಿಣಕ್ಕೆ ಹಾರುತ್ತಿದ್ದಾಗ ಇದು ಜ್ವಾಲಾಮುಖಿಯ ಬೂದಿಯ ಮೋಡವನ್ನು ಹೊಕ್ಕಿತು. ಪರಿಣಾಮವಾಗಿ ವಿಮಾನದ ನಾಲ್ಕೂ ಎಂಜಿನ್‌ಗಳು ನಿಂತುಹೋದವು. ಅವುಗಳನ್ನು ಮತ್ತೆ ಚಾಲನೆ ಮಾಡುವಲ್ಲಿ ಸಿಬ್ಬಂದಿ ಯಶಸ್ವಿಯಾದುದರಿಂದ ವಿಮಾನವು ಜಕಾರ್ತಾದಲ್ಲಿ ಸುರಕ್ಷಿತವಾಗಿ ಇಳಿಯಿತು. ವಿಮಾನದಲ್ಲಿದ್ದ 248 ಪ್ರಯಾಣಿಕರು ಮತ್ತು 15 ಸಿಬ್ಬಂದಿಯಲ್ಲಿ ಯಾರಿಗೂ ಪ್ರಾಣಾಪಾಯವಾಗಲಿಲ್ಲ.

ವಿಮಾನ ಮತ್ತು ಸಿಬ್ಬಂದಿ

ಇದು ರೋಲ್ಸ್ ರಾಯ್ಸ್ ಸಂಸ್ಥೆಯ ನಾಲ್ಕು ಎಂಜಿನ್‌ಗಳನ್ನು ಹೊಂದಿದ್ದ ಬೋಯಿಂಗ್ 747 ಮಾದರಿಯ ವಿಮಾನ. 'ಸಿಟಿ ಆಫ್ ಎಡಿನ್‌ಬರೋ' ಎಂಬುದು ಅದರ ಹೆಸರು. ಎರಿಕ್ ಮೂಡಿ ಮುಖ್ಯ ಚಾಲಕರಾಗಿಯೂ, ರೋಜರ್ ಗ್ರೀವ್ಸ್ ಸಹಚಾಲಕರಾಗಿಯೂ, ಬ್ಯಾರಿ ಟೌನ್ಲಿ-ಫ್ರೀಮನ್ ಫ್ಲೈಟ್ ಎಂಜಿನಿಯರ್ ಆಗಿಯೂ ಕಾರ್ಯನಿರ್ವಹಿಸುತ್ತಿದ್ದರು.

ಘಟನೆ

ಕ್ವಾಲಾಲಂಪುರದಿಂದ ಪರ್ತ್‌ಗೆ ಹೊರಟಿದ್ದ ವಿಮಾನವು ಸುಮಾರು 37,000 ಅಡಿ ಎತ್ತರದಲ್ಲಿದ್ದಾಗ ಮುಂಭಾಗದ ಗಾಜಿನ ಮೇಲೆ ವಿಚಿತ್ರವಾದ ಬೆಳಕು ಕಾಣಿಸಿಕೊಂಡಿತು. ಇದನ್ನು ಸೇಂಟ್ ಎಲ್ಮೋ ಜ್ವಾಲೆ ಎನ್ನುತ್ತಾರೆ. ಇದು ನಿಜವಾದ ಬೆಂಕಿಯಲ್ಲ, ವಿದ್ಯುದಾವೇಶದಿಂದ ಉಂಟಾಗುವ ಹೊಳಪು. ಪ್ರಯಾಣಿಕರ ಕೋಣೆಯಲ್ಲಿ ಗಂಧಕದ ವಾಸನೆಯುಳ್ಳ ಹೊಗೆ ತುಂಬತೊಡಗಿತು.

ಜಕಾರ್ತಾ ಸಮಯ ರಾತ್ರಿ 8.42ಕ್ಕೆ ನಾಲ್ಕನೆಯ ಎಂಜಿನ್ ನಿಂತಿತು. ಒಂದು ನಿಮಿಷ ಕಳೆಯುವಷ್ಟರಲ್ಲಿ ಎರಡನೆಯದೂ, ಅದರ ಬೆನ್ನಲ್ಲೇ ಉಳಿದೆರಡೂ ನಿಂತವು. ಎಂಜಿನ್ ಶಕ್ತಿಯಿಲ್ಲದಿದ್ದರೂ ವಿಮಾನವು ಕಲ್ಲಿನಂತೆ ಬೀಳುವುದಿಲ್ಲ. ಈ ಮಾದರಿಯ ವಿಮಾನವು ಒಂದು ಕಿಲೋಮೀಟರ್ ಕೆಳಗಿಳಿಯುವಷ್ಟರಲ್ಲಿ ಸುಮಾರು 15 ಕಿಲೋಮೀಟರ್ ಮುಂದಕ್ಕೆ ತೇಲಬಲ್ಲದು. ಚಾಲಕರು ವಿಮಾನವನ್ನು ಜಕಾರ್ತಾದ ಕಡೆಗೆ ತಿರುಗಿಸಿದರು. ನಾಲ್ಕೂ ಎಂಜಿನ್‌ಗಳು ನಿಂತಿವೆಯೆಂಬ ತುರ್ತು ಸಂದೇಶವನ್ನು ಜಕಾರ್ತಾದ ನಿಯಂತ್ರಣಾಧಿಕಾರಿಗಳು ಮೊದಲು ನಾಲ್ಕನೆಯ ಎಂಜಿನ್ ಮಾತ್ರ ಕೆಟ್ಟಿದೆಯೆಂದು ತಪ್ಪಾಗಿ ಗ್ರಹಿಸಿದರು. ಸಮೀಪದಲ್ಲಿದ್ದ ಗರುಡ ಸಂಸ್ಥೆಯ ವಿಮಾನವೊಂದು ಸಂದೇಶವನ್ನು ಸರಿಯಾಗಿ ತಲುಪಿಸಿತು.

ಕೋಣೆಯ ಗಾಳಿಯ ಒತ್ತಡ ಕುಸಿದಾಗ ಸಹಚಾಲಕರ ಆಮ್ಲಜನಕದ ಮುಖವಾಡ ಕೆಟ್ಟಿರುವುದು ತಿಳಿಯಿತು. ಆದ್ದರಿಂದ ಮೂಡಿಯವರು ಉಸಿರಾಡಲು ಸಾಧ್ಯವಾಗುವ ಎತ್ತರಕ್ಕೆ ವಿಮಾನವನ್ನು ವೇಗವಾಗಿ ಇಳಿಸಬೇಕಾಯಿತು. ಜಾವಾದ ಪರ್ವತಗಳನ್ನು ದಾಟಲು ಕನಿಷ್ಠ 11,500 ಅಡಿ ಎತ್ತರ ಅಗತ್ಯವಿತ್ತು. ಎಂಜಿನ್‌ಗಳು ಚಾಲನೆಗೊಳ್ಳದಿದ್ದರೆ ಕತ್ತಲಲ್ಲಿ ಸಮುದ್ರದ ಮೇಲೆ ಇಳಿಸುವುದೊಂದೇ ದಾರಿಯಾಗಿತ್ತು. ಎಂಜಿನ್‌ಗಳು ನಿಂತಿರುವುದನ್ನೂ, ಅವುಗಳನ್ನು ಚಾಲನೆ ಮಾಡಲು ಸರ್ವಪ್ರಯತ್ನ ನಡೆಯುತ್ತಿರುವುದನ್ನೂ ಮೂಡಿಯವರು ಪ್ರಯಾಣಿಕರಿಗೆ ಶಾಂತವಾಗಿಯೇ ತಿಳಿಸಿದರು. ಕೆಲವು ಪ್ರಯಾಣಿಕರು ತಮ್ಮವರಿಗೆ ಕೊನೆಯ ಮಾತುಗಳನ್ನು ಬರೆದಿಟ್ಟರು.

ಸುಮಾರು 13,500 ಅಡಿ ಎತ್ತರದಲ್ಲಿ, ರಾತ್ರಿ 8.56ಕ್ಕೆ, ನಾಲ್ಕನೆಯ ಎಂಜಿನ್ ಚಾಲನೆಗೊಂಡಿತು. ಬಳಿಕ ಉಳಿದವೂ ಒಂದೊಂದಾಗಿ ಚಾಲನೆಗೊಂಡವು. ಮೇಲೇರಿದಾಗ ಮತ್ತೆ ತೊಂದರೆ ಕಾಣಿಸಿಕೊಂಡುದರಿಂದ ಎರಡನೆಯ ಎಂಜಿನನ್ನು ನಿಲ್ಲಿಸಲಾಯಿತು. ಬೂದಿಯ ಉಜ್ಜುವಿಕೆಯಿಂದ ಮುಂಭಾಗದ ಗಾಜು ಮಸುಕಾಗಿ ಎದುರಿನ ದಾರಿ ಬಹುತೇಕ ಕಾಣುತ್ತಿರಲಿಲ್ಲ. ಜಕಾರ್ತಾದ ಹಲೀಂ ಪೆರ್ದಾನಕುಸುಮಾ ನಿಲ್ದಾಣದಲ್ಲಿ ಇಳಿಯುವ ಕೋನವನ್ನು ಸೂಚಿಸುವ ಉಪಕರಣವೂ ಕೆಲಸ ಮಾಡುತ್ತಿರಲಿಲ್ಲ. ಚಾಲಕರು ದೂರಕ್ಕೆ ತಕ್ಕ ಎತ್ತರವನ್ನು ಲೆಕ್ಕಹಾಕುತ್ತಾ ಮೂರು ಎಂಜಿನ್‌ಗಳ ಬಲದಿಂದ ವಿಮಾನವನ್ನು ಇಳಿಸಿದರು.

ಕಾರಣ

ಜಕಾರ್ತಾದ ಆಗ್ನೇಯಕ್ಕಿರುವ ಗಲುಂಗ್‌ಗುಂಗ್ ಜ್ವಾಲಾಮುಖಿಯು ಆಗ ಸ್ಫೋಟಗೊಳ್ಳುತ್ತಿತ್ತು. ವಿಮಾನದ ಹವಾಮಾನ ರೇಡಾರ್ ಗಾಳಿಯಲ್ಲಿನ ನೀರಿನ ಅಂಶವನ್ನು ಗುರುತಿಸುತ್ತದೆ. ಬೂದಿಯ ಮೋಡ ಒಣಗಿದ್ದುದರಿಂದ ರೇಡಾರ್‌ನಲ್ಲಿ ಅದು ಕಾಣಿಸಲಿಲ್ಲ.

ಜ್ವಾಲಾಮುಖಿಯ ಬೂದಿಯು ಕಟ್ಟಿಗೆಯ ಬೂದಿಯಂಥದಲ್ಲ. ಅದು ಶಿಲೆ ಮತ್ತು ಗಾಜಿನ ಸೂಕ್ಷ್ಮ ಚೂರುಗಳಿಂದ ಕೂಡಿರುತ್ತದೆ. ಎಂಜಿನ್ನಿನ ದಹನ ಕೋಣೆಯ ಉಷ್ಣತೆಯು ಈ ಚೂರುಗಳು ಕರಗುವ ಉಷ್ಣತೆಗಿಂತ ಹೆಚ್ಚಾಗಿರುತ್ತದೆ. ಕರಗಿದ ಬೂದಿ ಒಳಭಾಗಗಳಿಗೆ ಅಂಟಿಕೊಂಡು ಗಾಳಿಯ ಹರಿವಿಗೆ ಅಡ್ಡಿಪಡಿಸಿದುದರಿಂದ ಎಂಜಿನ್‌ಗಳೊಳಗಿನ ಜ್ವಾಲೆ ಆರಿತು. ವಿಮಾನವು ಮೋಡದಿಂದ ಹೊರಬಂದ ಬಳಿಕ ತಣ್ಣಗಾದ ಎಂಜಿನ್‌ಗಳಲ್ಲಿ ಅಂಟಿದ್ದ ಪದಾರ್ಥ ಗಟ್ಟಿಯಾಗಿ, ಸಾಕಷ್ಟು ಭಾಗ ಉದುರಿಹೋಯಿತು. ಮರುಚಾಲನೆ ಸಾಧ್ಯವಾದುದು ಇದರಿಂದಲೇ.

ಪರಿಣಾಮ

ಅದೇ ವರ್ಷದ ಜುಲೈನಲ್ಲಿ ಸಿಂಗಪುರ ಏರ್‌ಲೈನ್ಸ್‌ನ ಬೋಯಿಂಗ್ 747 ವಿಮಾನವೊಂದು ಇದೇ ಪ್ರದೇಶದಲ್ಲಿ ಬೂದಿಗೆ ಸಿಲುಕಿ ಮೂರು ಎಂಜಿನ್‌ಗಳನ್ನು ನಿಲ್ಲಿಸಬೇಕಾಯಿತು. 1989ರ ಡಿಸೆಂಬರ್ 15ರಂದು ಅಲಾಸ್ಕಾದಲ್ಲಿ ರಿಡೌಟ್ ಜ್ವಾಲಾಮುಖಿಯ ಬೂದಿಯಿಂದ ಕೆಎಲ್‌ಎಂ ಸಂಸ್ಥೆಯ ವಿಮಾನದ ನಾಲ್ಕೂ ಎಂಜಿನ್‌ಗಳು ನಿಂತಿದ್ದವು. ಅದೂ ಮರುಚಾಲನೆಗೊಂಡು ಸುರಕ್ಷಿತವಾಗಿ ಇಳಿಯಿತು. ಇಂತಹ ಅನುಭವಗಳ ಫಲವಾಗಿ 1990ರ ದಶಕದಲ್ಲಿ ಜಗತ್ತಿನ ವಿವಿಧೆಡೆ ಒಂಬತ್ತು ಜ್ವಾಲಾಮುಖಿ ಬೂದಿ ಸಲಹಾ ಕೇಂದ್ರಗಳು ಸ್ಥಾಪನೆಗೊಂಡವು. ಬೂದಿ ಹರಡುವ ದಿಕ್ಕನ್ನು ಅಂದಾಜಿಸಿ ವಿಮಾನಯಾನ ವಲಯಕ್ಕೆ ಮುನ್ಸೂಚನೆ ನೀಡುವುದು ಇವುಗಳ ಕಾರ್ಯ. 2010ರ ಏಪ್ರಿಲ್‌ನಲ್ಲಿ ಐಸ್‌ಲೆಂಡಿನ ಜ್ವಾಲಾಮುಖಿಯ ಸ್ಫೋಟದಿಂದಾಗಿ ಯುರೋಪಿನ ಬಹುಭಾಗದಲ್ಲಿ ಹಲವು ದಿನ ವಿಮಾನ ಸಂಚಾರವನ್ನು ಸ್ಥಗಿತಗೊಳಿಸಿದುದಕ್ಕೂ ಇದೇ ಅಪಾಯ ಕಾರಣ.